ಪತಂಗದ ಲೆಕ್ಕವನ್ನೂ ಪತ್ರಿಕೆಯಲ್ಲಿ ಹಾಕಿ

ಮಾನ್ಯರೇ,

ಹೇಮಾವತಿ ಜಲಾಶಯದಲ್ಲಿ ನೀರು ಎಷ್ಟು ಅಡಿ ಇದೆ ಎಂದು ಪತ್ರಿಕೆಯಲ್ಲಿ ನೋಡದೆ ನಮ್ಮ ಮನೆಯಲ್ಲಿ ಯಾರೂ ಕೆಲಸಕ್ಕೆ ಏಳುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಮುಸುಕಿನ ಜೋಳದ ಲದ್ದಿ ಹುಳುವಿನ ಪತಂಗ ಯಾವ ಹೋಬಳಿಯಲ್ಲಿ ಈ ವಾರ ಎಷ್ಟು ಬಲೆಗೆ ಬಿತ್ತು ಅನ್ನುವ ಸಾಲು.

ನಮ್ಮದು ಬೇಲೂರು ತಾಲ್ಲೂಕಿನ ಹಳೇಬೀಡು ಹೋಬಳಿ. ಎರಡೂವರೆ ಎಕರೆ, ಮೂರು ಹಸು. ಮೊದಲು ಆಲೂಗೆಡ್ಡೆ ಹಾಕುತ್ತಿದ್ದೆವು. ಅಂಗಮಾರಿ ರೋಗಕ್ಕೆ ಸೋತು ಮುಸುಕಿನ ಜೋಳಕ್ಕೆ ಬಂದೆವು. 2018ರ ಮಳೆಗಾಲ, ಪೈರು ಮೊಣಕಾಲುದ್ದ ಇತ್ತು. ಎಲೆ ತುಂಬ ತೂತು, ಸುಳಿಯಲ್ಲಿ ಮರ ಕೊಯ್ದ ಹೊಟ್ಟಿನಂಥ ಲದ್ದಿ. ನಮ್ಮ ಅತ್ತೆ ನೋಡಿ, ‘ಸೈನಿಕ ಹುಳ ಕಣವ್ವ, ಬಂದಂಗೇ ಹೋಗ್ತದೆ’ ಎಂದರು. ಅವರ ಕಾಲದ ಸೈನಿಕ ಹುಳು ದಂಡು ಕಟ್ಟಿ ರಾಗಿಗೆ ಬಂದು, ತಿಂದು, ಮಾಯವಾಗುತ್ತಿತ್ತು. ಇದು ಹೋಗಲೇ ಇಲ್ಲ. ಹುಳುವಿನ ತಲೆ ನೋಡಿದರೆ ಗುರುತು ಸಿಗುತ್ತದೆ. ಕವೆಗೋಲನ್ನು ತಲೆಕೆಳಗೆ ಹಿಡಿದಂಥ ಬಿಳಿ ಗೆರೆ, ಹಿಂಭಾಗದಲ್ಲಿ ಚೌಕಕ್ಕೆ ಇಟ್ಟಂಥ ನಾಲ್ಕು ಕಪ್ಪು ಚುಕ್ಕೆ.

ಇದರ ತವರು ಅಮೆರಿಕ ಖಂಡದ ಬಿಸಿ ನಾಡುಗಳು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಎರಡೇ ವರ್ಷಕ್ಕೆ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ ಸಿಕ್ಕಿತು. ಭಾರತಕ್ಕೇ ಅದು ಮೊದಲು. ಆಮೇಲೆ ಚೀನಾ, 2020ಕ್ಕೆ ಆಸ್ಟ್ರೇಲಿಯಾ. ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲ ಪತಂಗ ಇದು. ‘ಹುಳ ನಿಮ್ ಹೊಲದಾಗೆ ಐತಂತಲ್ಲಕ್ಕ, ನಮ್ದು ಚೆನ್ನಾಗೈತೆ’ ಎಂದ ಪಕ್ಕದ ಹೊಲದವರು ಎಂಟೇ ದಿನಕ್ಕೆ ಔಷಧಿ ಕ್ಯಾನು ಹೊತ್ತು ನಿಂತಿದ್ದರು. ಬದು ಇರುವುದು ನಮಗೆ, ಪತಂಗಕ್ಕಲ್ಲ.

ನನಗೆ ಅರ್ಥವಾಗಲು ತಡವಾದದ್ದು ಬೇರೆ ವಿಷಯ. ಈ ಹುಳುವಿಗೆ ಚಳಿಗಾಲವನ್ನು ನಿದ್ದೆಯಲ್ಲಿ ಕಳೆಯಲು ಬರುವುದಿಲ್ಲ. ಅಮೆರಿಕದಲ್ಲಿ ನೆಲ ಹೆಪ್ಪುಗಟ್ಟುವ ಕಡೆ ಸತ್ತೇ ಹೋಗುತ್ತದೆ. ಫ್ಲಾರಿಡಾ, ಟೆಕ್ಸಾಸ್‌ಗಳ ದಕ್ಷಿಣದಲ್ಲಿ ಉಳಿದದ್ದು ಪ್ರತಿವರ್ಷ ಮತ್ತೆ ಉತ್ತರಕ್ಕೆ ಹಾರಬೇಕು. ನಮ್ಮಲ್ಲಿ ಅದಕ್ಕೆ ಅಂಥ ಕಷ್ಟ ಎಲ್ಲಿದೆ? ಹುಲ್ಲಿನ ಜಾತಿಯ ಮೇಲೆ ಇದಕ್ಕೆ ಆಸೆ ಜಾಸ್ತಿ. ಜೋಳ, ಭತ್ತ, ಕಬ್ಬು, ರಾಗಿ, ಕೊನೆಗೆ ಬದುವಿನ ಗರಿಕೆಯೂ ಆಗುತ್ತದೆ. ನಮ್ಮ ಊರಲ್ಲಿ ಹಾಲು ಹಾಕದ ಮನೆ ಕಡಿಮೆ. ಜನವರಿಯಿಂದ ಮೇ ತಿಂಗಳವರೆಗೆ ಬೋರ್‌ವೆಲ್ ನೀರಲ್ಲಿ ಹತ್ತು ಗುಂಟೆ, ಇಪ್ಪತ್ತು ಗುಂಟೆ ಮೇವಿನ ಜೋಳ ಹಚ್ಚಗೆ ನಿಂತಿರುತ್ತದೆ. ಅದಕ್ಕೆ ಯಾರೂ ಔಷಧಿ ಹೊಡೆಯುವುದಿಲ್ಲ, ಹೊಡೆಯಲೂ ಬಾರದು, ಹಸು ತಿನ್ನುವುದಲ್ವಾ? ಬೇಸಿಗೆ ಪೂರ್ತಿ ಪತಂಗ ಅಲ್ಲೇ ಸಂಸಾರ ಮಾಡಿಕೊಂಡಿದ್ದು, ಜೂನ್‌ನಲ್ಲಿ ಹೊಸ ಪೈರು ಎದ್ದ ಕೂಡಲೇ ಅದಕ್ಕೆ ಬರುತ್ತದೆ. ನಮ್ಮ ಹಿತ್ತಲಿನ ಮೇವಿನಲ್ಲೇ ಮೊಟ್ಟೆಯ ಗುಂಪು ನೋಡಿದ ದಿನ ನನಗೆ ಇದು ಹೊಳೆಯಿತು. ಒಂದು ಗುಂಪಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ, ಮೇಲೆ ಬೂದು ಬಣ್ಣದ ನವಿರು ಹೊದಿಕೆ. ಅಲ್ಲಿಯವರೆಗೆ ಹುಳು ಹೊರಗಿನಿಂದ ಬರುತ್ತದೆ ಅಂತಲೇ ನಂಬಿದ್ದೆ.

ಮೊಟ್ಟೆ ಎರಡು ಮೂರು ದಿನಕ್ಕೆ ಒಡೆಯುತ್ತದೆ. ಮರಿಹುಳು ಎಲೆಯನ್ನು ಕೆರೆದಾಗ ಬೆಳ್ಳಗೆ ಗಾಜಿನಂಥ ಗುರುತು ಬೀಳುತ್ತದೆ. ಆಗ ಕಂಡರೆ ಬೇವಿನ ಕಷಾಯಕ್ಕೂ ಬಗ್ಗುತ್ತದೆ. ಒಂದು ವಾರ ಬಿಟ್ಟರೆ ಸುಳಿಯೊಳಗೆ ಇಳಿದು, ತನ್ನ ಲದ್ದಿಯನ್ನೇ ಬಾಗಿಲು ಮಾಡಿಕೊಂಡು ಕೂರುತ್ತದೆ. ಅಂಥ ಹುಳುವಿನ ಮೇಲೆ ಒಂದು ಅಂಗಡಿಯವರು ಕೊಟ್ಟ ಮೂರು ಔಷಧಿ ಬೆರೆಸಿ ಹೊಡೆದಿದ್ದೆವು. ನಮ್ಮ ಮನೆಯವರು ಎರಡು ದಿನ ತಲೆ ಸುತ್ತಿ ಮಲಗಿದರು. ಹುಳು ಸುಳಿಯಲ್ಲೇ ಇತ್ತು.

ಅದಕ್ಕೇ ಒಂದು ವಾರ ಮುಂಚೆ ಗೊತ್ತಾಗುವುದು ಇಷ್ಟು ಮುಖ್ಯ. ಹೆಣ್ಣು ಪತಂಗದಂಥ ವಾಸನೆ ಇಟ್ಟು ಸೆಳೆಯುವ ಮೋಹಕ ಬಲೆಗೆ ಗಂಡು ಪತಂಗ ಮಾತ್ರ ಬೀಳುತ್ತದೆ, ಅದರಿಂದ ಹುಳು ತೀರಿಹೋಗುವುದಿಲ್ಲ. ಆದರೆ ಪತಂಗ ಊರಿಗೆ ಬಂದಿದೆ ಎಂದು ಹೇಳುತ್ತದೆ. ಬಲೆ ತುಂಬಿದರೆ ಹೊಲಕ್ಕೆ ಹೋಗಿ ಎಲೆ ತಿರುವಿ ನೋಡಬೇಕು, ಅಷ್ಟೇ. ರೈತ ಸಂಪರ್ಕ ಕೇಂದ್ರದವರು ಹೋಬಳಿಗೆ ಹತ್ತು ಬಲೆ ಕಟ್ಟಿಸಿ ವಾರಕ್ಕೊಮ್ಮೆ ಎಣಿಸಲಿ. ನೀವು ಅದನ್ನು ಬೇಸಿಗೆಯಲ್ಲೂ ಬಿಡದೆ ಹಾಕಿ. ಮಳೆ ಬಂದ ಮೇಲೆ ಶುರು ಮಾಡಿದರೆ ಸುಮ್ನೆ ದಂಡ.

ಊರಿನವರಲ್ಲೂ ಒಂದು ಮಾತು. ಒಬ್ಬರು ಮೇ ಕೊನೆಗೆ, ಇನ್ನೊಬ್ಬರು ಜುಲೈಗೆ ಬಿತ್ತಿದರೆ ಪತಂಗಕ್ಕೆ ಎಳೇ ಸುಳಿ ತಪ್ಪುವುದೇ ಇಲ್ಲ. ಹತ್ತು ಹದಿನೈದು ದಿನದೊಳಗೆ ಎಲ್ಲರೂ ಬಿತ್ತೋಣ. ಹುಳು ಪತಂಗವಾಗುವ ಮೊದಲು ಸೇರಿಕೊಳ್ಳುವ ಕೋಶ ಇರುವುದು ಮಣ್ಣಿನಲ್ಲಿ ಎರಡು ಮೂರು ಇಂಚು ಕೆಳಗೆ. ಮಾಗಿ ಉಳುಮೆ ಮಾಡಿದರೆ ಟಿಲ್ಲರ್ ಹಿಂದೆಯೇ ಬೆಳ್ಳಕ್ಕಿ, ಗೊರವಂಕ ಬಂದು ಹೆಕ್ಕುತ್ತವೆ. ಹೋದ ಬೇಸಿಗೆಯಲ್ಲಿ ನಾನು ಮೇವಿನ ಜೋಳ ಬಿಟ್ಟು ಹುಲ್ಲಿನ ಜಾತಿಯಲ್ಲದ ಅಲಸಂದೆ, ಕುದುರೆ ಮೆಂತ್ಯ ಹಾಕಿದೆ. ಹಸುಗಳ ಹಾಲು ಕಡಿಮೆಯಾಗಲಿಲ್ಲ.

ನನ್ನ ಎರಡು ಬಲೆಗಳ ಲೆಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಯಾರು ಕೇಳಿದರೂ ಕೊಡುತ್ತೇನೆ.

— ಒಬ್ಬ ರೈತ ಮಹಿಳೆ, ಹಳೇಬೀಡು ಹೋಬಳಿ, ಹಾಸನ ಜಿಲ್ಲೆ