ಮ್ಯೂರೆನ್‌ಗೆ ರಸ್ತೆಯೇ ಇಲ್ಲ: ಪ್ರವಾಸ ಸಂಸ್ಥೆಗೆ ಬರೆದ ದೂರು ಪತ್ರ

ಬೆಂಗಳೂರು
18 ಆಗಸ್ಟ್ 2025

ಗೆ,
ವ್ಯವಸ್ಥಾಪಕರು
ಗ್ರಾಹಕ ಸೇವಾ ವಿಭಾಗ, ಬೆಂಗಳೂರು ಕಚೇರಿ

ವಿಷಯ: ಜೂನ್ 16ರಿಂದ 22ರವರೆಗಿನ ಸ್ವಿಟ್ಜರ್ಲೆಂಡ್ ಹಳ್ಳಿಗಳ ಪ್ರವಾಸದಲ್ಲಿ ಹೇಳಿದ ಊರುಗಳನ್ನು ತೋರಿಸದೇ ಇದ್ದದ್ದು, ದುಡ್ಡು ತೆಗೆದುಕೊಂಡು ಪಾಸ್ ಕೊಡದೇ ಇದ್ದದ್ದು, ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಾನು ಮತ್ತು ನನ್ನ ಅಮ್ಮ ಈ ಜೂನ್‌ನಲ್ಲಿ ನಿಮ್ಮ ಮೂಲಕ ಸ್ವಿಟ್ಜರ್ಲೆಂಡ್‌ಗೆ ಹೋಗಿ ಬಂದೆವು. ಒಬ್ಬರಿಗೆ 2,85,000 ರೂಪಾಯಿಯಂತೆ ಇಬ್ಬರಿಗೆ 5,70,000 ರೂಪಾಯಿ ಕಟ್ಟಿದ್ದೇವೆ. ಅದರ ಮೇಲೆ ಟಿಸಿಎಸ್ (ನೀವು ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಅಂತ 28,500 ರೂಪಾಯಿ ಬೇರೆ. ಬಂದ ಮೇಲೆ ನಾಲ್ಕು ಸಲ ಫೋನ್ ಮಾಡಿದೆ, ಎರಡು ಇಮೇಲ್ ಕಳಿಸಿದೆ. ‘ಸಂಬಂಧಪಟ್ಟವರಿಗೆ ತಿಳಿಸ್ತೀವಿ ಮೇಡಂ’ ಅನ್ನುವ ಮಾತು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಅದಕ್ಕೇ ಎಲ್ಲವನ್ನೂ ಕೂತು ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಾವು ನಿಮ್ಮ ಈ ಪ್ರವಾಸವನ್ನೇ ಯಾಕೆ ಆರಿಸಿಕೊಂಡೆವು ಅಂತ ಮೊದಲು ಹೇಳಬೇಕು. ಹತ್ತು ದಿನಕ್ಕೆ ಏಳು ದೇಶ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಅದು ನಮಗೆ ಬೇಡವಾಗಿತ್ತು. ಅಮ್ಮನಿಗೆ ಈಗ 68. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ನಲವತ್ತು ವರ್ಷದಿಂದ ದನ ಸಾಕಿಕೊಂಡು ಬಂದಿದ್ದಾರೆ. ಈಗಲೂ ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಕರು ಇವೆ. ಅವರಿಗೆ ಹಿಮದ ಆಸೆ ಇರಲಿಲ್ಲ, ಅಂಗಡಿಯ ಆಸೆ ಮೊದಲೇ ಇಲ್ಲ. ಯಾವಾಗಲೋ ಟಿವಿಯಲ್ಲಿ ಆಲ್ಪ್ಸ್ ಬೆಟ್ಟದ ಇಳಿಜಾರಿನಲ್ಲಿ ಕೊರಳಿಗೆ ದೊಡ್ಡ ಗಂಟೆ ಕಟ್ಟಿಕೊಂಡು ಮೇಯುವ ದನ ನೋಡಿದ್ದರು. ‘ಅಷ್ಟು ಕಡಿದಾದ ಬ್ಯಾಣದಲ್ಲಿ ದನ ಹ್ಯಾಗೆ ನಿಲ್ತಾವೆ? ಹುಲ್ಲು ಹ್ಯಾಗೆ ಕೊಯ್ತಾರೆ?’ ಅಂತ ಆಗಾಗ ಕೇಳುತ್ತಿದ್ದರು. ನಿಮ್ಮ ಬ್ರೋಶರ್‌ನಲ್ಲಿ ಮ್ಯೂರೆನ್, ಈಸೆಲ್ಟ್‌ವಾಲ್ಡ್, ಬ್ರಿಯೆನ್ಸ್, ಲೌಟರ್‌ಬ್ರುನ್ನೆನ್ ಅಂತ ಸಣ್ಣ ಸಣ್ಣ ಊರುಗಳ ಹೆಸರೇ ಇದ್ದವು. ‘ಒಂದೊಂದು ಹಳ್ಳಿಯಲ್ಲೂ ನಿಧಾನವಾಗಿ ಓಡಾಡಿ’ ಅಂತ ಬರೆದಿತ್ತು. ಅದನ್ನು ನಾನೇ ಅಮ್ಮನಿಗೆ ಓದಿ ಹೇಳಿದ್ದೆ. ದನ ನೋಡಿಕೊಳ್ಳಲು ಚಿಕ್ಕಮ್ಮ ಒಂದು ವಾರ ನಮ್ಮ ಮನೆಗೆ ಬಂದು ಉಳಿದರು. ಅಮ್ಮ ಮನೆ ಬಿಟ್ಟು ಹೊರಡುವುದು ಅಂದರೆ ಅಷ್ಟು ಸುಲಭ ಅಲ್ಲ.

ಮೊದಲ ತೊಂದರೆ ಹೋಟೆಲಿನದು. ಈ ಹಳ್ಳಿಗಳಿಗೆ ಹತ್ತಿರದ ಪಟ್ಟಣ ಇಂಟರ್‌ಲಾಕನ್‌ನ ಒಂದು ಹೋಟೆಲ್ ‘ಅಥವಾ ಅದೇ ಮಟ್ಟದ’ ಹೋಟೆಲ್ ಅಂತ ಬರೆದಿದ್ದಿರಿ. ಕೊಟ್ಟದ್ದು ಜ್ಯೂರಿಕ್ ವಿಮಾನ ನಿಲ್ದಾಣದ ಹತ್ತಿರ, ಹೆದ್ದಾರಿ ಪಕ್ಕದ ಹೋಟೆಲ್. ರೂಮು ಚೊಕ್ಕವಾಗಿತ್ತು, ಆ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಅಲ್ಲಿಂದ ಇಂಟರ್‌ಲಾಕನ್‌ಗೆ ಬಸ್ಸಿನಲ್ಲಿ ಎರಡು ಗಂಟೆ. ಹೋಗಿ ಬರಲು ದಿನಕ್ಕೆ ನಾಲ್ಕು ಗಂಟೆ, ಮೂರು ದಿನಕ್ಕೆ ಹನ್ನೆರಡು ಗಂಟೆ. ‘ಅದೇ ಮಟ್ಟದ’ ಅನ್ನುವ ಮಾತು ಹೋಟೆಲಿನ ದರ್ಜೆಗೆ ಸರಿ, 120 ಕಿಲೋಮೀಟರ್ ದೂರಕ್ಕೂ ಸರಿಯಾಗುತ್ತದಾ? ಸಂಜೆ ಎಲ್ಲಿಯಾದರೂ ಇನ್ನೂ ಸ್ವಲ್ಪ ಹೊತ್ತು ಇರೋಣ ಅಂದರೆ ಚಾಲಕರ ಸಮಯ ಮುಗಿಯಿತು ಅನ್ನುತ್ತಿದ್ದರು. ಅಲ್ಲಿ ಬಸ್ ಚಾಲಕರು ಇಷ್ಟೇ ಗಂಟೆ ಓಡಿಸಬೇಕು, ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಬೇಕು ಅನ್ನುವ ಕಟ್ಟುನಿಟ್ಟಿನ ನಿಯಮ ಇದೆ. ಅದು ಒಳ್ಳೆಯ ನಿಯಮ. ಅದು ಗೊತ್ತಿದ್ದೂ ಹೋಟೆಲನ್ನು ಅಷ್ಟು ದೂರ ಹಾಕಿದ್ದು ನಿಮ್ಮ ತಪ್ಪು.

ಜೂನ್ 18ರ ಬೆಳಿಗ್ಗೆ ಈಸೆಲ್ಟ್‌ವಾಲ್ಡ್‌ಗೆ ಹೊರಟೆವು. ಬ್ರಿಯೆನ್ಸ್ ಸರೋವರದ ದಡದಲ್ಲಿರುವ ಪುಟ್ಟ ಊರು ಅದು. ಒಂದು ಕೊರಿಯನ್ ಧಾರಾವಾಹಿಯಲ್ಲಿ ಅಲ್ಲಿ ನೀರಿನ ಮೇಲೆ ಚಾಚಿರುವ ಹಲಗೆಯ ಕಟ್ಟೆ ಕಾಣಿಸಿಕೊಂಡ ಮೇಲೆ ಜನ ಎಷ್ಟು ಬರತೊಡಗಿದರೆಂದರೆ, ಈಗ ಆ ಕಟ್ಟೆಯ ಮೇಲೆ ಕಾಲಿಡಲು 5 ಫ್ರಾಂಕ್ ಕೊಡಬೇಕು. ಊರಿನ ಬಾಗಿಲಲ್ಲೇ ಹಳದಿ ಅಂಗಿ ತೊಟ್ಟವರೊಬ್ಬರು ನಮ್ಮ ಬಸ್ ನಿಲ್ಲಿಸಿದರು. ದೊಡ್ಡ ಬಸ್ಸುಗಳು ಮೊದಲೇ ಜಾಗ ಕಾದಿರಿಸಿರಬೇಕಂತೆ. ನಮ್ಮದಕ್ಕೆ ಕಾದಿರಿಸಿರಲಿಲ್ಲ. ಕಿರಿದಾದ ರಸ್ತೆಯಲ್ಲಿ ಆ ಬಸ್ಸನ್ನು ಹಿಂದೆ ಮುಂದೆ ಮಾಡಿ ತಿರುಗಿಸುವಷ್ಟರಲ್ಲಿ ಹಿಂದೆ ಏಳೆಂಟು ಕಾರು ನಿಂತವು. ಅದರಲ್ಲೊಂದು ಹುಲ್ಲು ತುಂಬಿದ ಟ್ರ್ಯಾಕ್ಟರ್. ಅದರ ಮೇಲಿದ್ದ ವಯಸ್ಸಾದ ರೈತ ಒಂದು ಮಾತೂ ಆಡದೆ ಇಂಜಿನ್ ನಿಲ್ಲಿಸಿ ಕಾದ. ಅಮ್ಮ ‘ಅವರ ಕೆಲಸ ಕೆಡಿಸಿದೆವಲ್ಲ’ ಅಂದರು. ನನಗೂ ತುಂಬಾ ನಾಚಿಕೆ ಆಯಿತು. ಒಂದು ಬುಕಿಂಗ್ ಮಾಡದೇ ಇದ್ದದ್ದರಿಂದ 38 ಜನ ಊರು ನೋಡದೆ ತಿರುಗಿ ಬಂದೆವು, ಆ ಊರಿನವರಿಗೂ ಸುಮ್ನೆ ತೊಂದರೆ ಕೊಟ್ಟೆವು.

ಅಲ್ಲಿಂದ ಲೌಟರ್‌ಬ್ರುನ್ನೆನ್‌ಗೆ ಹೋದೆವು. ಎರಡೂ ಕಡೆ ಗೋಡೆ ಎಬ್ಬಿಸಿದ ಹಾಗೆ ನೆಟ್ಟಗೆ ನಿಂತ ಬಂಡೆ, ಮಧ್ಯೆ ಹಸಿರು ಕಣಿವೆ. ಸ್ಟೌಬ್‌ಬಾಖ್ ಜಲಪಾತ ಸುಮಾರು 297 ಮೀಟರ್ ಎತ್ತರದಿಂದ ಬೀಳುತ್ತದೆ. ನಮ್ಮ ಜೋಗ 253 ಮೀಟರ್. ಆದರೆ ಇಲ್ಲಿ ನೀರು ಕಡಿಮೆ, ಬೀಳುತ್ತಾ ಬೀಳುತ್ತಾ ಗಾಳಿಗೆ ಹೊಗೆಯಂತೆ ಚದುರಿಹೋಗುತ್ತದೆ. ಬಸ್ ಇಳಿದ ಕೂಡಲೇ ಎಲ್ಲಿಂದಲೋ ಗಂಟೆಯ ಸದ್ದು ಕೇಳಿತು. ಅಮ್ಮ ಅಲ್ಲೇ ನಿಂತುಬಿಟ್ಟರು. ‘ದನ ಮೇಲಿವೆ’ ಅಂದರು.

ಮ್ಯೂರೆನ್ ಇರುವುದು ಆ ಬಂಡೆಯ ಮೇಲೆ, 1,638 ಮೀಟರ್ ಎತ್ತರದಲ್ಲಿ. ನಿಮ್ಮ ಬ್ರೋಶರ್‌ನ ಮೊದಲ ಪುಟದ ಫೋಟೋ ಅದರದ್ದೇ. ಒಳಗೆ ‘ಆರಾಮದಾಯಕ ಬಸ್ಸಿನಲ್ಲಿ ಮ್ಯೂರೆನ್‌ಗೆ’ ಅಂತ ಇದೆ. ಇಳಿದು ಹತ್ತು ನಿಮಿಷಕ್ಕೆ ಗೈಡ್‌ಗೆ ನಿಮ್ಮ ಕಚೇರಿಯಿಂದ ಫೋನ್ ಬಂತು. ಆಮೇಲೆ ಆತ ನಮ್ಮೆಲ್ಲರನ್ನೂ ಕರೆದು, ಗುಡ್ಡ ಕುಸಿದು ಮ್ಯೂರೆನ್ ರಸ್ತೆ ಬಂದ್ ಆಗಿದೆ, ಇಲ್ಲೇ ನಲವತ್ತು ನಿಮಿಷ ಫೋಟೋ ತೆಗೆದುಕೊಳ್ಳಿ ಅಂದ. ಮಳೆಗಾಲದಲ್ಲಿ ಆಗುಂಬೆ ಘಾಟಿ ಬಂದ್ ಆಗುವುದನ್ನು ನೋಡಿದವರು ನಾವು. ಇರಬಹುದು ಅಂದುಕೊಂಡೆವು.

ಶೌಚಾಲಯ ಹುಡುಕಿಕೊಂಡು ನಾನು ಅಮ್ಮನ ಜೊತೆ ರೈಲು ನಿಲ್ದಾಣಕ್ಕೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸನ್ನು, ಮ್ಯೂರೆನ್ ರಸ್ತೆ ಯಾವಾಗ ತೆರೆಯುತ್ತದೆ ಅಂತ ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದೆ. ಆಮೇಲೆ ಒಂದು ನಕ್ಷೆ ಮುಂದಿಟ್ಟು ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರು. ಮ್ಯೂರೆನ್‌ಗೆ ಪ್ರವಾಸಿಗರ ಕಾರು, ಬಸ್ಸು ಹೋಗುವ ರಸ್ತೆಯೇ ಇಲ್ಲ. ಇಲ್ಲಿಂದ ಕೇಬಲ್ ಕಾರಿನಲ್ಲಿ ಗ್ರ್ಯುಟ್ಶಾಲ್ಪ್‌ಗೆ ಹತ್ತಬೇಕು, ಅಲ್ಲಿಂದ ಬೆಟ್ಟದ ಅಂಚಿನಲ್ಲೇ ಹೋಗುವ ಪುಟ್ಟ ರೈಲು ಹಿಡಿಯಬೇಕು. ಇಡೀ ದಾರಿ ಅರ್ಧ ಗಂಟೆಯೂ ಇಲ್ಲ. ‘ಈಗಲೂ ಓಡುತ್ತಿದೆ, ನೋಡಿ’ ಅಂತ ಕಿಟಕಿಯ ಹೊರಗೆ ಕೈ ತೋರಿಸಿದರು. ಕೇಬಲ್ ಕಾರು ಜನರನ್ನು ತುಂಬಿಕೊಂಡು ಮೇಲೆ ಹೋಗುತ್ತಿತ್ತು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಬೇರೆ ಟಿಕೆಟ್ ಕೂಡ ಬೇಡ ಅಂದರು. ನಮ್ಮ ಬಸ್ ಹೊರಡಲು ಆಗ ಇಪ್ಪತ್ತೈದು ನಿಮಿಷ ಉಳಿದಿತ್ತು.

ಆ ನಕ್ಷೆ ನನ್ನ ಹತ್ತಿರ ಇದೆ, ಪೆನ್ನಿನ ಗೆರೆ ಸಮೇತ. ಅದರ ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಗುಡ್ಡ ಕುಸಿದಿರಲಿಲ್ಲ. ನೀವು ಹೇಳಿಸಿದ್ದು ಸುಳ್ಳು. ಇಲ್ಲದ ರಸ್ತೆಯಲ್ಲಿ ಬಸ್ ಓಡಿಸುತ್ತೇವೆ ಅಂತ ಅಚ್ಚು ಹಾಕಿದವರು ಆ ಊರನ್ನು ನೋಡಿಯೇ ಇಲ್ಲ, ನಕ್ಷೆಯನ್ನೂ ತೆರೆದಿಲ್ಲ. ಅಮ್ಮ ಆವತ್ತು ಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು ಬಂಡೆಯ ತುದಿಯನ್ನೇ ನೋಡುತ್ತಿದ್ದರು. ಇಷ್ಟು ಹತ್ತಿರ ಬಂದು ಮೇಲೆ ಹೋಗಲಿಲ್ಲವಲ್ಲ ಅನ್ನುವ ಸಂಕಟ ನನಗೆ ಇನ್ನೂ ಹೋಗಿಲ್ಲ. 68ರ ಅಮ್ಮನನ್ನು ಇನ್ನೊಮ್ಮೆ ಅಷ್ಟು ದೂರ ಕರೆದುಕೊಂಡು ಹೋಗಲು ಆಗುತ್ತದೋ ಇಲ್ಲವೋ.

ಪಾಸಿನ ವಿಚಾರ. ನಿಮ್ಮ ಖರ್ಚಿನ ಪಟ್ಟಿಯಲ್ಲಿ ‘ನಾಲ್ಕು ದಿನದ ಸ್ವಿಸ್ ಟ್ರಾವೆಲ್ ಪಾಸ್, ಎರಡನೇ ದರ್ಜೆ, 32,000 ರೂಪಾಯಿ’ ಅಂತ ಸ್ಪಷ್ಟವಾಗಿ ಇದೆ. ಆ ಪಾಸನ್ನು ನಮ್ಮಲ್ಲಿ ಯಾರೂ ಕಣ್ಣಿಂದ ನೋಡಿಲ್ಲ. ಗೈಡನ್ನು ಕೇಳಿದರೆ, ಬಸ್ ಇದೆಯಲ್ಲ, ಪಾಸ್ ಯಾಕೆ ಅಂದ. ರೈಲು, ಬಸ್ಸು, ಸರೋವರದ ಬೋಟು ಎಲ್ಲದಕ್ಕೂ ನಡೆಯುವ ಪಾಸ್ ಅದು. ಅದೊಂದು ಕೈಯಲ್ಲಿದ್ದಿದ್ದರೆ ನಾವು ನಿಮ್ಮ ಬಸ್ಸಿಗೆ ಕಾಯದೆ ಹಳ್ಳಿ ನೋಡಿಕೊಂಡು ಬರುತ್ತಿದ್ದೆವು.

ಇದು ಬರೀ ಮಾತಲ್ಲ, ಮಾಡಿಯೂ ನೋಡಿದ್ದೇವೆ. ಜೂನ್ 20ರಂದು ಇಂಟರ್‌ಲಾಕನ್‌ನಲ್ಲಿ ಮೂರೂವರೆ ಗಂಟೆ ನಿಲ್ಲಿಸಿದಿರಿ. ಗಡಿಯಾರದ ಅಂಗಡಿಗಳು, ಯಶ್ ಚೋಪ್ರಾ ಅವರ ಪ್ರತಿಮೆಯ ಮುಂದೆ ಫೋಟೋ, ಅಷ್ಟೇ ಕಾರ್ಯಕ್ರಮ. ಬ್ರೋಶರ್‌ನಲ್ಲಿ ಆ ದಿನ ‘ಬೋಟಿನಲ್ಲಿ ಬ್ರಿಯೆನ್ಸ್’ ಅಂತ ಇತ್ತು. ಗೈಡ್‌ಗೆ ಹೇಳಿ ನಾವಿಬ್ಬರು ಬೋಟು ನಿಲ್ಲುವ ಇಂಟರ್‌ಲಾಕನ್ ಓಸ್ಟ್ ಕಟ್ಟೆಗೆ ನಡೆದು ಹೋದೆವು, ನಮ್ಮ ದುಡ್ಡಲ್ಲೇ ಬೋಟು ಹತ್ತಿದೆವು. ನೀರಿನ ಬಣ್ಣ ಹಾಲು ಬೆರೆಸಿದ ನೀಲಿ. ಹಿಮನದಿಗಳು ಬಂಡೆಯನ್ನು ತೇಯ್ದು, ಆ ಹಿಟ್ಟು ನೀರಿನಲ್ಲಿ ಸೇರಿ ಹಾಗೆ ಕಾಣುತ್ತದೆ. ಮುಕ್ಕಾಲು ಗಂಟೆಗೆ ಬೋಟು ಈಸೆಲ್ಟ್‌ವಾಲ್ಡ್‌ನಲ್ಲಿ ನಿಂತಿತು. ಎರಡು ದಿನದ ಹಿಂದೆ ನಾವು ಯಾವ ಊರಿಂದ ತಿರುಗಿ ಹೋಗಿದ್ದೆವೋ ಅದೇ ಊರು! ಹುಡುಗಿಯೊಬ್ಬಳು ಹಗ್ಗ ಬಿಗಿದಳು, ಜನ ಇಳಿದರು, ಹತ್ತಿದರು. ಯಾರಿಗೂ ಯಾವ ತೊಂದರೆಯೂ ಆಗಲಿಲ್ಲ.

ಬ್ರಿಯೆನ್ಸ್‌ನಲ್ಲಿ ನಮಗೆ ಸಿಕ್ಕಿದ್ದು ಒಂದು ಗಂಟೆ. ಬ್ರುನ್‌ಗಾಸ್ಸೆ ಅನ್ನುವ ಓಣಿಯಲ್ಲಿ ನಡೆದೆವು. ಬಿಸಿಲು ಮಳೆಗೆ ಕಪ್ಪಾದ ಹಳೆಯ ಮರದ ಮನೆಗಳು, ಒಂದೊಂದು ಕಿಟಕಿಯಲ್ಲೂ ಕೆಂಪು ಹೂವು. ಮರದ ಕೆತ್ತನೆಗೆ ಹೆಸರಾದ ಊರು ಅದು, 1884ರಿಂದ ಕೆತ್ತನೆಯ ಶಾಲೆಯೇ ಇದೆ. ಒಂದು ಮನೆಯ ಕಿಟಕಿಯ ಹಿಂದೆ ಒಬ್ಬರು ಅಂಗೈಯಷ್ಟು ಉದ್ದದ ಹಸು ಕೆತ್ತುತ್ತಾ ಕೂತಿದ್ದರು. ಅಮ್ಮ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತರು. ‘ಸಾಗರದ ಗುಡಿಗಾರರೂ ಹಿಂಗೇ ಉಳಿ ಹಿಡಿಯೋದು’ ಅಂದರು. ಆ ಮನುಷ್ಯ ತಲೆ ಎತ್ತಿ ನೋಡಿ, ಹಸುವನ್ನು ತಿರುಗಿಸಿ ಕೆಚ್ಚಲು ತೋರಿಸಿದರು. ಅಮ್ಮ ಬೆರಳಲ್ಲಿ, ಕೆಚ್ಚಲು ಇನ್ನೂ ಸ್ವಲ್ಪ ದೊಡ್ಡದಿರಲಿ ಅಂತ ಸನ್ನೆ ಮಾಡಿದರು. ಆತ ತಲೆ ಆಡಿಸಿದರು. ಓಣಿಯ ಪಕ್ಕ ಮರದ ಮರಿಗೆಗೆ ಕೊಳವೆಯಿಂದ ನೀರು ಬೀಳುತ್ತಿತ್ತು. ನಮ್ಮೂರಲ್ಲಿ ಅಬ್ಬಿ ನೀರು ಅಡಿಕೆ ದಂಬೆಯಲ್ಲಿ ಹರಿದು ಬಂದು ಬಾನಿಗೆ ಬೀಳುತ್ತಿತ್ತಲ್ಲ, ಹಾಗೇ. ಅಮ್ಮ ಬೊಗಸೆಯಲ್ಲಿ ಹಿಡಿದು ಕುಡಿದರು, ಮುಖ ತೊಳೆದುಕೊಂಡರು. ಇಡೀ ಪ್ರವಾಸದಲ್ಲಿ ಅಮ್ಮ ಮನಸಾರೆ ನಕ್ಕಿದ್ದು ಅಲ್ಲೇ. ರೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಇಂಟರ್‌ಲಾಕನ್‌ಗೆ ವಾಪಸ್ ಬಂದೆವು. ನಿಮ್ಮ ಬಸ್ ಹೊರಡಲು ಇನ್ನೂ ಹೊತ್ತಿತ್ತು. ಗುಂಪಿನ ಉಳಿದವರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಅವರೂ ಬ್ರಿಯೆನ್ಸ್‌ಗೆ ಅಂತಲೇ ದುಡ್ಡು ಕಟ್ಟಿದವರು.

ಸರಿ ಇದ್ದದ್ದನ್ನೂ ಹೇಳಬೇಕು. ಯುಂಗ್‌ಫ್ರೌಯೋಖ್ ಅನ್ನುವ ಹಿಮದ ತಾಣಕ್ಕೆ ಹೋದ ದಿನ ಎಲ್ಲವೂ ಹೇಳಿದ ಹಾಗೇ ನಡೆಯಿತು. ಊಟ ಚೆನ್ನಾಗಿತ್ತು, ಅಮ್ಮನಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಯನ್ನು ತಪ್ಪದೇ ಕೊಟ್ಟರು. ಗೈಡ್ ಹುಡುಗ ಒಳ್ಳೆಯವನು. ಕಚೇರಿಯಿಂದ ಹೇಳಿದ್ದನ್ನು ಅವನು ನಮಗೆ ಹೇಳಿದ. ದಯವಿಟ್ಟು ಈ ಪತ್ರ ನೋಡಿ ಅವನ ಕೆಲಸಕ್ಕೆ ಕುತ್ತು ತರಬೇಡಿ.

ಈಗ ನಮಗೆ ಬೇಕಾದದ್ದು. ಕೊಡದ ಪಾಸಿನ ಹಣ ಇಬ್ಬರಿಗೂ ಸೇರಿ 64,000 ರೂಪಾಯಿ ವಾಪಸ್ ಬರಬೇಕು. ಬೋಟು, ರೈಲಿಗೆ ನಾವು ಕೊಟ್ಟ 80 ಫ್ರಾಂಕ್‌ಗೂ ಜಾಸ್ತಿ ಹಣ ಬರಬೇಕು, ಟಿಕೆಟ್‌ಗಳ ಪ್ರತಿ ಜೊತೆಗಿದೆ. ಐದು ರಾತ್ರಿಗೆ ಇಂಟರ್‌ಲಾಕನ್ ಹೋಟೆಲಿನ ಲೆಕ್ಕದಲ್ಲಿ ಎಷ್ಟು ತೆಗೆದುಕೊಂಡಿರಿ, ಜ್ಯೂರಿಕ್ ಹೋಟೆಲಿಗೆ ಎಷ್ಟು ಕೊಟ್ಟಿರಿ ಅನ್ನುವ ಬಿಲ್ ತೋರಿಸಿ, ವ್ಯತ್ಯಾಸ ಕೊಡಿ. ಮ್ಯೂರೆನ್ ಮತ್ತು ಈಸೆಲ್ಟ್‌ವಾಲ್ಡ್ ತೋರಿಸದೇ ಇದ್ದದ್ದಕ್ಕೆ, ಸುಳ್ಳು ಕಾರಣ ಹೇಳಿದ್ದಕ್ಕೆ ಪರಿಹಾರ ಎಷ್ಟು ಅಂತ ನೀವೇ ಬರವಣಿಗೆಯಲ್ಲಿ ತಿಳಿಸಿ. ಇನ್ನೊಂದು ವಿಷಯ, 28,500 ರೂಪಾಯಿ ಟಿಸಿಎಸ್‌ಗೆ ನೀವು ಕೊಡಬೇಕಾದ ಪ್ರಮಾಣಪತ್ರ ಫಾರಂ 27ಡಿ ಇನ್ನೂ ಬಂದಿಲ್ಲ, ನಮ್ಮ ಹೆಸರಿನ ತೆರಿಗೆ ಲೆಕ್ಕದ ಪಟ್ಟಿ 26ಎಎಸ್‌ನಲ್ಲೂ ಕಾಣುತ್ತಿಲ್ಲ. ಆದಾಯ ತೆರಿಗೆ ರಿಟರ್ನ್‌ನಲ್ಲಿ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಹಣ ಅದು. ಅದನ್ನು ಈ ವಾರವೇ ಕಳಿಸಿ.

ಪತ್ರ ತಲುಪಿದ 15 ದಿನದೊಳಗೆ ಉತ್ತರ ಬೇಕು. ಬರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕೆಳಗೆ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಲು ಆ ಕಾಯ್ದೆಯಲ್ಲಿ ಅವಕಾಶ ಇದೆ. ಗುಂಪಿನಲ್ಲಿದ್ದ ಇನ್ನೂ ಹನ್ನೊಂದು ಜನ ನಮ್ಮ ಜೊತೆ ಸಹಿ ಹಾಕಲು ಒಪ್ಪಿದ್ದಾರೆ.

ನಿನ್ನೆ ರಾತ್ರಿ ನಿಮ್ಮ ಹೊಸ ಬ್ರೋಶರ್ ನೋಡಿದೆ. ಸೆಪ್ಟೆಂಬರ್ ಪ್ರವಾಸಕ್ಕೆ ಬುಕಿಂಗ್ ಶುರುವಾಗಿದೆ. ಮೊದಲ ಪುಟದಲ್ಲಿ ಅದೇ ಮ್ಯೂರೆನ್ ಫೋಟೋ, ಒಳಗೆ ಅದೇ ‘ಆರಾಮದಾಯಕ ಬಸ್ಸಿನಲ್ಲಿ ಮ್ಯೂರೆನ್‌ಗೆ’ ಅನ್ನುವ ಸಾಲು. ನಮ್ಮ ಹಣದ ಲೆಕ್ಕ ಆಮೇಲೆ ಆಗಲಿ, ಆ ಸಾಲನ್ನು ಇವತ್ತೇ ತೆಗೆಯಿರಿ. ಕೇಬಲ್ ಕಾರು ಮತ್ತು ರೈಲಿನಲ್ಲಿ ಕರೆದುಕೊಂಡು ಹೋಗುವ ವ್ಯವಸ್ಥೆ ಮಾಡಿ, ಹಾಗೇ ಬರೆಯಿರಿ. ಸೆಪ್ಟೆಂಬರ್‌ನಲ್ಲಿ ಹೋಗುವವರಲ್ಲಿ ಯಾರಾದರೂ ಅಮ್ಮ ಅಪ್ಪನನ್ನು ಕರೆದುಕೊಂಡು ಹೋಗುತ್ತಿರುತ್ತಾರೆ.

ಇಂತಿ,
ಜೂನ್ 16ರ ತಂಡದ ಪ್ರವಾಸಿ

ಜೊತೆಗಿರುವ ಪ್ರತಿಗಳು: ಹಣ ಕಟ್ಟಿದ ರಸೀದಿ, ಖರ್ಚಿನ ಪಟ್ಟಿ, ಬ್ರೋಶರ್, ಲೌಟರ್‌ಬ್ರುನ್ನೆನ್ ನಿಲ್ದಾಣದ ನಕ್ಷೆ, ಬೋಟು ಮತ್ತು ರೈಲು ಟಿಕೆಟ್