ಅಕ್ಕ, ಒಂದು ಸೈನ್ ಬೇಕಿತ್ತು

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆಯ ಸಂಪಾದಕೀಯ ಬೆಂಗಳೂರಿಂದ ಬರೀತಾ ಇದೀನಿ, ಹೊರದೇಶದಿಂದ ರಜೆಗೆ ಬಂದು ತಿಂಗಳಾಗ್ತಾ ಬಂತು. ಒಬ್ಬ ಮನುಷ್ಯ ಬೆಳಗಿಂದ ರಾತ್ರಿವರೆಗೆ ಎಷ್ಟೊಂದು ಥರದ ಕಟ್ಟಳೆಗಳ ಕೆಳಗೆ ಬದುಕ್ತಾನೆ ನೋಡಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಬೈಲಾ, ರಸ್ತೆಗಿಳಿದ್ರೆ ಮೋಟಾರು ವಾಹನ ಕಾಯ್ದೆ, ಆಫೀಸಲ್ಲಿ ಕೋಡ್ ಆಫ್ ಕಾಂಡಕ್ಟ್, ದೇವಸ್ಥಾನದಲ್ಲಿ ಮಡಿ, ಮನೇಲಿ ಹಿರಿಯರ ಪದ್ಧತಿ. ಅಪರಾಧಗಳಿಗೆ 1860ರ ಐಪಿಸಿ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಇವೆಲ್ಲ ಬರೆದಿಟ್ಟಿರೋವು, ಬೇಕಾದವರು ತೆಗೆದು ಓದಬಹುದು. ಎಲ್ಲೂ ಬರೆದಿಡದೇ ಎಲ್ಲರ ಮನೇಲೂ ನಡೀತಿರೋ ಕಟ್ಟಳೆಗಳೇ ಬೇರೆ, ಅದರಲ್ಲಿ ಒಂದರ ಬಗ್ಗೆ ಈ ಸಲ ಮಾತಾಡಲೇಬೇಕು ಅನ್ನಿಸಿದೆ. ತವರಿನ ಆಸ್ತೀಲಿ ಹೆಣ್ಣುಮಕ್ಕಳ ಪಾಲು.

ಇದರ ಬೇರು ನಮ್ಮ ನಾಡಲ್ಲೇ ಇದೆ. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಅನ್ನೋ ಪಂಡಿತ ಹಳೇ ಧರ್ಮಶಾಸ್ತ್ರವಾದ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಅನ್ನೋ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತೀಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅಂತ ಅದರಲ್ಲಿ ಹೇಳಿದ್ದು ಬಂಗಾಳ, ಅಸ್ಸಾಂ ಬಿಟ್ಟು ಹೆಚ್ಚುಕಮ್ಮಿ ಇಡೀ ದೇಶದ ಹಿಂದೂಗಳಿಗೆ ಕಾನೂನಾಗಿ ಕೂತ್ಕೊಂಡ್ತು. ಆದ್ರೆ ಅದೇ ಕರ್ನಾಟಕದ ಕರಾವಳೀಲಿ ಅಳಿಯಸಂತಾನ ಇತ್ತು, ಅಲ್ಲಿ ವಂಶ ನಡೆಯೋದು ತಾಯಿ ಕಡೆಯಿಂದ. ಅಂದ್ರೆ "ನಮ್ಮ ಸಂಸ್ಕೃತೀಲಿ ಹೀಗೇ" ಅಂತ ಯಾರಾದ್ರೂ ಹೇಳಿದ್ರೆ ಯಾವ ಊರಿನ ಸಂಸ್ಕೃತಿ ಸ್ವಾಮಿ ಅಂತ ಕೇಳಬೇಕಾಗತ್ತೆ.

ಕಾನೂನು ನಿಧಾನಕ್ಕಾದ್ರೂ ದಾರಿಗೆ ಬಂದಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ್ಮೇಲೆ ಅಪ್ಪನ ಸ್ವಂತ ದುಡಿಮೆಯ ಆಸ್ತೀಲಿ, ವಿಲ್ ಬರೀದೇ ಹೋಗಿದ್ರೆ, ಮಗಳಿಗೂ ಸಮಪಾಲು ಸಿಕ್ತು, ಪಿತ್ರಾರ್ಜಿತದಲ್ಲಿ ಮಾತ್ರ ಹುಟ್ಟುಹಕ್ಕು ಗಂಡುಮಕ್ಕಳದ್ದೇ ಆಗಿತ್ತು. ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿ ಅದನ್ನೂ ಕೊಡ್ತು, ಆದ್ರೆ ಆ ಹೊತ್ತಿಗೆ ಮದುವೆ ಆಗಿದ್ದವರನ್ನ ಹೊರಗಿಡ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯ್ತು, ಮದುವೆ ಆಗಿರಲಿ ಬಿಡಲಿ ಮಗಳೂ ಹುಟ್ಟಿನಿಂದ ಪಾಲುದಾರಳು. ಆ ದಿನ ಅಪ್ಪ ಬದುಕಿರಬೇಕಿತ್ತಾ ಅನ್ನೋ ಗೊಂದಲ ವರ್ಷಗಟ್ಟಲೆ ಎಳೆದಾಡಿ, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬೇಕಿಲ್ಲ ಅಂತ ತೀರ್ಪು ಕೊಡ್ತು. ಅಲ್ಲಿಗೆ ಕಾನೂನಿನ ಮಾತು ಮುಗೀತು. (2004ರ ಡಿಸೆಂಬರ್ 20ಕ್ಕೆ ಮುಂಚೆನೇ ಸರಿಯಾಗಿ ಪಾಲುಪಟ್ಟಿ ಆಗಿದ್ರೆ ಅದನ್ನ ಮತ್ತೆ ಕೆದಕೋ ಹಾಗಿಲ್ಲ, ಅದು ಬೇರೆ ಮಾತು.)

ಆದ್ರೆ ಮನೆ ಕಟ್ಟಳೆ ಮುಗಿದಿಲ್ಲ.

ಹೋದ ವಾರ ಸ್ನೇಹಿತರೊಬ್ಬರ ಫ್ಲಾಟ್ ರಿಜಿಸ್ಟ್ರೇಷನ್ನಿಗೆ ಸಾಕ್ಷಿ ಹಾಕೋಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದೆ. ಪಕ್ಕದ ಬೆಂಚಲ್ಲಿ ಒಂದು ಕುಟುಂಬ, ಇಬ್ಬರು ಅಣ್ಣತಮ್ಮಂದಿರು, ಜೊತೆಗೆ ಅರವತ್ತರ ಹತ್ತಿರದ ಅವರ ಅಕ್ಕ. ಪತ್ರ ಬರೆಯೋ ಹುಡುಗ ಹಾಳೆ ತಿರುಗಿಸ್ತಾ ಪೆನ್ಸಿಲ್ಲಲ್ಲಿ ಗುರುತು ಹಾಕಿದ ಜಾಗ ತೋರಿಸ್ತಿದ್ದ, ಇಲ್ಲಿ, ಇಲ್ಲಿ, ಇಲ್ಲಿ. ಆಯಮ್ಮ ನಾಲ್ಕನೇ ಹಾಳೇಲಿ ಪೆನ್ನು ನಿಲ್ಲಿಸಿ "ಇದು ಯಾವುದಪ್ಪಾ?" ಅಂದ್ರು. ತಮ್ಮ "ಖಾತೆ ಮಾಡ್ಸೋಕೆ ಅಕ್ಕ, ಸುಮ್ನೆ ಫಾರ್ಮಾಲಿಟಿ" ಅಂದ. ಪತ್ರದ ತಲೆ ಮೇಲೆ ದಪ್ಪ ಅಕ್ಷರದಲ್ಲಿ ಹಕ್ಕು ಬಿಡುಗಡೆ ಪತ್ರ ಅಂತ ಇತ್ತು, ಕನ್ನಡದಲ್ಲೇ ಇತ್ತು, ಕನ್ನಡಕ ತಂದಿರಲಿಲ್ಲ ಅವರು. ಒಳಗೆ ಹೆಬ್ಬೆಟ್ಟಿನ ಮಷಿನ್ನು ಅವರ ಬೆರಳು ತಗೊಳ್ಳಲಿಲ್ಲ, ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವೆದುಹೋಗಿತ್ತೇನೋ, ಸೆರಗಲ್ಲಿ ಒರೆಸ್ಕೊಂಡು ಮತ್ತೆ ಮತ್ತೆ ಒತ್ತಿದ್ರು. ಅಧಿಕಾರಿ ತಲೆ ಎತ್ತಿ "ಒಪ್ಪಿ ಸಹಿ ಮಾಡಿದೀರಾಮ್ಮಾ?" ಅಂದಾಗ "ಹೂಂ" ಅಂದ್ರು, ವೆಬ್‌ಕ್ಯಾಮಿಗೆ ಮುಖ ತೋರಿಸಿದ್ರು, ಆಯ್ತು. ಹೊರಗೆ ಬಂದ್ಮೇಲೆ ತಮ್ಮ ಅರಿಶಿನ ಕುಂಕುಮಕ್ಕೆ ಅಂತ ಒಂದು ಕವರ್ ಕೈಗಿಟ್ಟ. ಅವರು ಅದನ್ನ ಕಣ್ಣಿಗೊತ್ಕೊಂಡು ಬ್ಯಾಗಲ್ಲಿಟ್ಕೊಂಡ್ರು, ನನಗೆ ಅವತ್ತು ಊಟ ಸೇರಲಿಲ್ಲ.

ಆಯಮ್ಮನಿಗೆ ನಿಜ ಹೇಳಿದ್ರೂ ಸೈನ್ ಹಾಕ್ತಿದ್ರೇನೋ. ಅಕ್ಕ ತಂಗಿ ಖುಷಿಯಿಂದ ಬಿಟ್ಟುಕೊಟ್ರೆ ಅದು ಅವರ ದೊಡ್ಡತನ, ಕಾನೂನೂ ಅದಕ್ಕೆ ಅಡ್ಡ ಬರಲ್ಲ. ಆದ್ರೆ ಏನು ಬಿಟ್ಟುಕೊಡ್ತಿದೀನಿ ಅಂತ ಗೊತ್ತಿಲ್ದೆ ಬಿಟ್ಟಿದ್ದು ದಾನ ಅಲ್ಲ. ಇನ್ನು ಗೊತ್ತಿದ್ದು ಬಿಡೋರ ಕಥೆ ಏನು? ಕೇಳಿದ್ರೆ ತವರು ಬಾಗಿಲು ಮುಚ್ಚತ್ತೆ, ಗೌರಿ ಹಬ್ಬಕ್ಕೆ ಕರೆಯೋರು ಇರಲ್ಲ, ಮಗಳ ಮದುವೇಲಿ ಸೋದರಮಾವ ಬಂದು ನಿಲ್ಲಲ್ಲ ಅನ್ನೋ ಭಯ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನೋ ಗಾದೆ ಯಾವ ಗೆಜೆಟ್ಟಲ್ಲೂ ಇಲ್ಲ, ಆದ್ರೂ ಸುಪ್ರೀಂ ಕೋರ್ಟ್ ತೀರ್ಪಿಗಿಂತ ಗಟ್ಟಿಯಾಗಿ ಜಾರೀಲಿದೆ.

"ಮದುವೇಲಿ ಕೊಟ್ಟಿದೀವಲ್ಲ, ಅವಳ ಪಾಲು ಅಲ್ಲಿಗೇ ಮುಗೀತು" ಅನ್ನೋದು ಎಲ್ಲಾ ಕಡೆ ಕೇಳಿಬರೋ ಇನ್ನೊಂದು ವಾದ. ಇದನ್ನ ಹೇಳೋರು ಏನು ಹೇಳ್ತಿದೀವಿ ಅಂತ ಒಂದು ನಿಮಿಷ ಯೋಚಿಸಬೇಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಪ್ರಕಾರ ತಗೊಂಡವರಷ್ಟೇ ಅಲ್ಲ, ಕೊಟ್ಟವರೂ ತಪ್ಪಿತಸ್ಥರು. ಮಾಡಬಾರದ ಒಂದನ್ನ ಮಾಡಿ, ಅದನ್ನೇ ರಸೀದಿ ಅಂತ ತೋರಿಸಿ, ಕೊಡಬೇಕಾದ ಇನ್ನೊಂದನ್ನ ಕೊಡದೇ ಇರೋದು ಯಾವ ಧರ್ಮ? ಜೊತೆಗೆ ಆ ಚಿನ್ನ, ಆ ದುಡ್ಡು, ಆ ಛತ್ರದ ಖರ್ಚು ಅವಳ ಕೈಗೆ ಬಂತಾ, ಗಂಡನ ಮನೆಯವರ ಕೈಗೆ ಹೋಯ್ತಾ ಅಂತಾನೂ ಯಾರೂ ಕೇಳಲ್ಲ.

ಬೆಂಗಳೂರಲ್ಲಿ ಇದು ಇಷ್ಟು ಬಿಗಿಯಾಗಿರೋದಕ್ಕೆ ಕಾರಣ ನೆಲದ ಬೆಲೆ. ದೇವನಹಳ್ಳಿಗೆ 2008ರಲ್ಲಿ ಏರ್‌ಪೋರ್ಟ್ ಬಂತು, ಸರ್ಜಾಪುರ, ವರ್ತೂರು ಕಡೆ ಐಟಿ ಹಬ್ಬಿತು, ರಾಗಿ ಬೆಳೀತಿದ್ದ ಹೊಲ ಅಪಾರ್ಟ್‌ಮೆಂಟ್ ಆಯ್ತು. ಬಿಲ್ಡರ್ ಬರ್ತಾನೆ, ಬ್ಯಾಂಕಿನ ಲಾಯರ್ ವಂಶವೃಕ್ಷ ಕೇಳ್ತಾನೆ, ಆಗ ಮೂವತ್ತು ವರ್ಷ ನೆನಪಾಗದ ಅಕ್ಕ ನೆನಪಾಗ್ತಾಳೆ. ಕೆಲವರಂತೂ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಬಿಟ್ಟು ಬರೆಸ್ತಾರೆ. ಒಡಹುಟ್ಟಿದವಳನ್ನ ಹುಟ್ಟೇ ಇಲ್ಲ ಅಂತ ಸರ್ಕಾರಕ್ಕೆ ಬರೆದುಕೊಡೋದು ಇದು. ಆಮೇಲೆ ಅವಳ ಮಕ್ಕಳು ಸಿವಿಲ್ ಕೋರ್ಟಲ್ಲಿ ಪಾಲು ಕೇಳಿ ದಾವಾ ಹಾಕಿದಾಗ, ಆ ಫ್ಲಾಟ್ ಕೊಂಡು ಇಎಂಐ ಕಟ್ಟೋ ಯಾರೋ ಅಮಾಯಕರು ವರ್ಷಾನುಗಟ್ಟಲೆ ಅಲೀತಾರೆ.

ಈಗ ನಮ್ಮ ಮಾತಿಗೆ ಬರೋಣ, ಹೊರದೇಶದಲ್ಲಿರೋ ನಮ್ಮ ಮಾತಿಗೆ. ನಾವು ಅಲ್ಲಿ ರಾತ್ರಿ ಎರಡು ಗಂಟೆಗೆ ಖಾಲಿ ರಸ್ತೇಲೂ ಕೆಂಪು ದೀಪಕ್ಕೆ ನಿಲ್ತೀವಿ, ಟ್ಯಾಕ್ಸು ದಿನ ತಪ್ಪದೆ ಕಟ್ತೀವಿ. ಸಂಘದ ಸದಸ್ಯರಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಇಲ್ಲಿ ರಾಜಾಜಿನಗರದಲ್ಲೋ ಬನಶಂಕರೀಲೋ ಇದಾರೆ, ಅವರನ್ನ ಡಯಾಲಿಸಿಸ್ಸಿಗೆ ಕರ್ಕೊಂಡು ಹೋಗೋದು, ಪಿಂಚಣಿಗೆ ಬ್ಯಾಂಕಿನ ಕ್ಯೂ ನಿಲ್ಲೋದು, ರಾತ್ರಿ ಉಸಿರು ಕಟ್ಟಿದಾಗ ಆಟೋ ಹಿಡ್ಕೊಂಡು ಓಡೋದು ಇಲ್ಲೇ ಇರೋ ಮಗಳು. 2007ರ ಹಿರಿಯ ನಾಗರಿಕರ ಕಾಯ್ದೆ ತಂದೆತಾಯಿ ನೋಡ್ಕೊಳ್ಳೋ ಹೊಣೆಯನ್ನ ಮಗ, ಮಗಳು ಇಬ್ಬರ ಮೇಲೂ ಹಾಕಿದೆ. ಹೊಣೆ ಹೊರುವಾಗ ಮಗಳು, ಪಾಲು ಹಾಕುವಾಗ ಪರರ ಮನೆಯವಳು ಅಂದ್ರೆ ಹೇಗೆ? ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ, ವಾಪಸ್ ಹೋಗೋ ಫ್ಲೈಟಿಗೆ ಎರಡು ದಿನ ಇರುವಾಗ, "ಅಕ್ಕ, ಒಂದು ಸೈನ್ ಬೇಕಿತ್ತು" ಅನ್ನೋದು ನಿಲ್ಲಬೇಕು. ಇದನ್ನ ನಾನು ತುಂಬಾ ಕಳಕಳಿಯಿಂದ ಕೇಳ್ಕೊಳ್ತಿದೀನಿ.

ಅಪ್ಪ ಅಮ್ಮ ಇರುವಾಗಲೇ ಎಲ್ಲರೂ ಕೂತು ಮಾತಾಡಿ. ಯಾವ ಆಸ್ತಿ ಪಿತ್ರಾರ್ಜಿತ, ಯಾವುದು ಅಪ್ಪನ ಸ್ವಂತದ್ದು ಅಂತ ಮೊದಲು ಗೊತ್ತು ಮಾಡ್ಕೊಳ್ಳಿ, ಸ್ವಂತದ್ದಾದ್ರೆ ಅವರು ಇಷ್ಟ ಬಂದವರಿಗೆ ವಿಲ್ ಬರೀಬಹುದು. ಅಕ್ಕ ತಂಗಿ ಬಿಟ್ಟುಕೊಡ್ತೀನಿ ಅಂದ್ರೂ ಪತ್ರದ ಡ್ರಾಫ್ಟನ್ನ ಮುಂಚೇನೇ ಕೊಟ್ಟು, ಆ ಜಾಗಕ್ಕೆ ಇವತ್ತು ಎಷ್ಟು ಬೆಲೆ ಅಂತ ಬಾಯಿಬಿಟ್ಟು ಹೇಳಿ, ಅವರ ಕಡೆಯ ಲಾಯರ್ ಓದಲಿ. ನಮ್ಮ ಸಂಘದ ಹೆಣ್ಣುಮಕ್ಕಳಿಗೂ ಒಂದು ಮಾತು, ಊರಿಂದ ವಾಟ್ಸಾಪಲ್ಲಿ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ನಿಮ್ಮ ಪರವಾಗಿ ವ್ಯವಹಾರ ಮಾಡೋಕೆ ಬೇರೆಯವರಿಗೆ ಅಧಿಕಾರ ಕೊಡೋ ಪತ್ರ) ಕಳಿಸಿ ಕಾನ್ಸುಲೇಟಲ್ಲಿ ಅಟೆಸ್ಟ್ ಮಾಡ್ಸಿ ಕಳಿಸು ಅಂದ್ರೆ, ಅದರಲ್ಲಿ ಹಕ್ಕು ಬಿಡುಗಡೆ ಮಾಡೋ ಅಧಿಕಾರಾನೂ ಸೇರಿಸಿದಾರಾ ಅಂತ ಪ್ರತಿ ಸಾಲೂ ಓದಿ. ಬೇಕಿರೋ ಒಂದು ಕೆಲಸಕ್ಕೆ, ಒಂದು ಆಸ್ತಿಗೆ ಮಾತ್ರ ಸೀಮಿತ ಮಾಡಿ ಸ್ಪೆಷಲ್ ಪವರ್ ಆಫ್ ಅಟಾರ್ನಿ ಕೊಡಬಹುದು. ಆ ಕಾಗದ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು ಅನ್ನೋದು ನಿಯಮ, ಅದನ್ನೇ ನೆಪ ಮಾಡಿ ಇವತ್ತೇ ಸೈನ್ ಹಾಕು ಅಂತ ಯಾರಾದ್ರೂ ಅವಸರ ಮಾಡಿದ್ರೆ ಹೆದರಬೇಡಿ, ಆ ಲೆಕ್ಕ ಶುರುವಾಗೋದು ಕಾಗದ ಇಲ್ಲಿ ತಲುಪಿದ ಮೇಲೆ, ನೀವು ಓದೋಕೆ ತಗೊಳ್ಳೋ ದಿನ ಅದರಲ್ಲಿ ಸೇರಲ್ಲ.