ಏಲಿಯನ್‌ಗೆ ಅಣ್ಣ-ತಂಗಿ ಯಾಕೆ ಅಂದೆಯಲ್ಲ

ಡಬ್ಲಿನ್
ಅಕ್ಟೋಬರ್ 2025

ಪ್ರೀತಿಯ ಅಣ್ಣನಿಗೆ,

ನಾನು ಚೆನ್ನಾಗಿದ್ದೀನಿ. ಅಮ್ಮನ ಮಂಡಿನೋವು ಹೇಗಿದೆ? ಮಳೆ ಉದುರಿಸಿದ್ದು ಹೋಗಲಿ, ಗಿಡದಲ್ಲಿ ಉಳಿದ ಕಾಯಾದರೂ ನಿಂತರೆ ಸಾಕು ಅಂತ ಅಪ್ಪ ಮೊನ್ನೆ ಹೇಳಿದರು. ಅರೇಬಿಕಾ ಕುಯ್ಲಿಗೆ ಆಳು ಗೊತ್ತು ಮಾಡಿದ್ದಾಯ್ತಾ?

ಫೋನಿನಲ್ಲಿ ನಮ್ಮ ಜಗಳ ಅರ್ಧಕ್ಕೇ ನಿಂತಿತು. ಸೋಮವಾರಪೇಟೆ ಟವರ್ ಯಾವಾಗಲೂ ನೀನು ಸೋಲೋ ಹೊತ್ತಿಗೇ ಹೋಗುತ್ತೆ! ಅದಕ್ಕೇ ಬರೀತಿದ್ದೀನಿ. ‘ಏಲಿಯನ್: ಅರ್ಥ್’ ಸೀರೀಸ್‌ನ ಎಂಟೂ ಎಪಿಸೋಡ್ ನೋಡಿ ಮುಗಿಸಿ ನೀನು ಕೊಟ್ಟ ತೀರ್ಪು ಒಂದೇ: “ಅಣ್ಣ-ತಂಗಿ ಸೆಂಟಿಮೆಂಟ್ ತುರುಕಿ ಕೆಡಿಸಿದ್ರು.”

ಇಲ್ಲೂ ಹಾಗನ್ನೋರು ಬೇಕಾದಷ್ಟು ಜನ. ಆಗಸ್ಟ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಹೊಸ ಎಪಿಸೋಡ್ ಬಂದ ಮಾರನೇ ದಿನ ವಾರ್ಡಿನ ಟೀ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ. 1979ರಲ್ಲಿ ರಿಡ್ಲಿ ಸ್ಕಾಟ್ ಮಾಡಿದ ಮೊದಲ ‘ಏಲಿಯನ್’ ಅನ್ನು ಥಿಯೇಟರಿನಲ್ಲಿ ನೋಡಿದ್ದ ಒಬ್ಬ ಹಿರಿಯ ಪೋರ್ಟರ್ ಇದ್ದಾರೆ. ಅವರಿಗೆ ಸಿಟ್ಟು ತಡೆಯೋಕಾಗಲ್ಲ. ಆ ಸಿನಿಮಾದಲ್ಲಿ ಬೇರೆ ಲೋಕದ ಆ ಮೃಗ ಸರಿಯಾಗಿ ಕಾಣೋದು ಕೆಲವೇ ನಿಮಿಷ, ಉಳಿದದ್ದೆಲ್ಲ ಕತ್ತಲು, ಹಬೆ, ಪೈಪು. ಈ ಸೀರೀಸ್‌ನಲ್ಲಿ ಅದನ್ನು ಹಗಲು ಬೆಳಕಿನಲ್ಲಿ ಕಾಡಿನಲ್ಲಿ ಓಡಾಡಿಸಿದ್ದಾರೆ. ಸಾಲದು ಅಂತ ನಾಯಕಿ ವೆಂಡಿ ಅದರ ಭಾಷೆಯಲ್ಲೇ ಮಾತಾಡಿ, ಕರೆದರೆ ಬರೋ ಹಾಗೆ ಪಳಗಿಸಿಬಿಡ್ತಾಳೆ. ಇದರಲ್ಲಿ ನಾನೂ ಅವರ ಕಡೆ ಕಣಣ್ಣ. ಸ್ವಿಸ್ ಕಲಾವಿದ ಗೀಗರ್ ಕಲ್ಪಿಸಿದ ಆ ಕಣ್ಣಿಲ್ಲದ ಪ್ರಾಣಿ ಮನೆನಾಯಿ ಥರ ಮಾತು ಕೇಳಿದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು?

ಇನ್ನು ಕೆಲವರದು ಇಸವಿ ಲೆಕ್ಕ. ಈ ಕಥೆ ನಡೆಯೋದು 2120ರಲ್ಲಿ, ಮೊದಲ ಸಿನಿಮಾದ್ದು 2122ರಲ್ಲಿ. ಎರಡು ವರ್ಷ ಮೊದಲೇ ಆ ಪ್ರಾಣಿ ಭೂಮಿಗೆ ಬಂದು ಬಿದ್ದಿದ್ದರೆ ಮೊದಲ ಸಿನಿಮಾದ ನಾಸ್ಟ್ರೊಮೊ ಅನ್ನೋ ಬಾಹ್ಯಾಕಾಶ ಹಡಗಿನವರಿಗೆ ಅದರ ಸುಳಿವೇ ಇರಲಿಲ್ಲವಾ ಅಂತ ಕೇಳ್ತಾರೆ. ಹಡಗಿನವರಿಗೆ ಇರಲಿಲ್ಲ, ಹಡಗಿನ ಒಡೆಯ ಕಂಪನಿ ವೇಲ್ಯಾಂಡ್-ಯುಟಾನಿಗೆ ಇತ್ತು, ಅಷ್ಟೇ. ಜೀವಿಯನ್ನು ತನ್ನಿ, ಸಿಬ್ಬಂದಿ ಹೋದರೆ ಹೋಗಲಿ ಅನ್ನೋ ಗುಪ್ತ ಆದೇಶ ಆ ಸಿನಿಮಾದಲ್ಲೇ ಇದೆಯಲ್ಲ. ವೇಲ್ಯಾಂಡ್-ಯುಟಾನಿಗೆ ಮೊದಲೇ ರುಚಿ ಹತ್ತಿತ್ತು ಅಂದರೆ ನನಗಂತೂ ಆ ಆದೇಶ ಈಗಲೇ ಸರಿಯಾಗಿ ಕೂತುಕೊಂಡಿತು. ಆ ಪ್ರಾಣಿಯ ಮೂಲ ಹೇಳೋ ‘ಪ್ರೊಮಿಥಿಯಸ್’ ಸಿನಿಮಾದ ಕಪ್ಪು ದ್ರವದ ಕಥೆಯನ್ನು ಈ ಸೀರೀಸ್ ಮಾಡಿದ ನೋವಾ ಹಾಲಿ ಪಕ್ಕಕ್ಕಿಟ್ಟಿದ್ದಕ್ಕೂ ಗಲಾಟೆ ಇದೆ. ಇಟ್ಟಿದ್ದು ಒಳ್ಳೇದೇ ಆಯ್ತು.

ಎಲ್ಲರೂ ಒಪ್ಪಿದ್ದು ಕುರಿಯನ್ನು ಮಾತ್ರ. ಹಲವು ಪಾಪೆಗಳ ಆ ಕಣ್ಣಿನ ಜೀವಿ ಕುರಿಯ ತಲೆಯೊಳಗೆ ಸೇರಿಕೊಂಡು ಸುಮ್ಮನೆ ದಿಟ್ಟಿಸುತ್ತಲ್ಲ, ಅದಕ್ಕೆ ಇಲ್ಲಿ ದೊಡ್ಡ ಅಭಿಮಾನಿ ಬಳಗವೇ ಇದೆ. ರಕ್ತ ಹೀರೋ ಹುಳ ಬಂದಾಗ ಮಾತ್ರ ಎಲ್ಲ ಕಿರುಚಿದರು. ಮಳೆಗಾಲದಲ್ಲಿ ತೋಟದಿಂದ ಬಂದು ಜಗಲಿಯಲ್ಲಿ ಕೂತು ಸುಣ್ಣ, ಹೊಗೆಸೊಪ್ಪು ಹಚ್ಚಿ ಜಿಗಣೆ ಬಿಡಿಸಿ ಬೆಳೆದ ನಾನು ಬಿಸ್ಕತ್ತು ತಿಂತಾ ಕೂತಿದ್ದೆ.

ಈಗ ನಿನ್ನ ದೂರಿಗೆ ಬರ್ತೀನಿ. ಸೆಂಟಿಮೆಂಟ್ ಏಲಿಯನ್‌ಗೆ ಹೊಸದು ಅಂತ ಯಾರು ಹೇಳಿದರು ನಿನಗೆ? 1986ರ ‘ಏಲಿಯನ್ಸ್’ ನಾವು ಕೇಬಲ್‌ನಲ್ಲಿ ನೋಡಿದ ರಾತ್ರಿ ನ್ಯೂಟ್ ಅನ್ನೋ ಪುಟ್ಟ ಹುಡುಗಿಗೋಸ್ಕರ ನಾಯಕಿ ರಿಪ್ಲಿ ಆ ಲೋಡರ್ ಯಂತ್ರ ತೊಟ್ಟು ಬಂದಾಗ ಮಂಚದ ಮೇಲೆ ನಿಂತು ಶಿಳ್ಳೆ ಹೊಡೆದು ಅಪ್ಪನ ಕೈಲಿ ಬೈಸಿಕೊಂಡೋನು ನೀನೇ ಅಲ್ವಾ? ಜೇಮ್ಸ್ ಕ್ಯಾಮರನ್ ಆಮೇಲೆ ಬಿಟ್ಟ ಉದ್ದದ ಆವೃತ್ತಿಯಲ್ಲಿ ಇನ್ನೂ ಇದೆ: ರಿಪ್ಲಿ 57 ವರ್ಷ ನಿದ್ದೆಯಲ್ಲಿ ತೇಲಿ ವಾಪಸ್ ಬರೋ ಹೊತ್ತಿಗೆ ಅವಳ ಮಗಳು ಮುದುಕಿಯಾಗಿ ತೀರಿಹೋಗಿರ್ತಾಳೆ. ತಾಯಿ-ಮಗಳು ಆದರೆ ಶಿಳ್ಳೆ, ಅಣ್ಣ-ತಂಗಿ ಆದರೆ ಗಾಂಧಿನಗರವಾ?

ಈ ಸೀರೀಸ್‌ನಲ್ಲಿ ಗುಣವಾಗದ ಕಾಯಿಲೆಯ ಹುಡುಗಿಯ ಮನಸ್ಸನ್ನು ದೊಡ್ಡವರ ಯಂತ್ರದ ಮೈಗೆ ಹಾಕ್ತಾರೆ, ಅವಳೇ ವೆಂಡಿ. ತಂಗಿ ಸತ್ತಳು ಅಂತಲೇ ಅಣ್ಣ ನಂಬಿರ್ತಾನೆ. ಮುಖ ಬೇರೆ, ದನಿ ಬೇರೆ, ಬಂದು ಎದುರಿಗೆ ನಿಂತು ನಾನೇ ಅಂತಾಳೆ. ಆ ಅಣ್ಣ ಒಪ್ಪಿಕೊಳ್ಳೋಕೆ ಪಡೋ ಪಾಡು ಪ್ರಾಣಿಗಿಂತ ಜಾಸ್ತಿ ಹೆದರಿಸಿತು ನನ್ನನ್ನ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡೋಳು ನಾನು. ಯಾರಾದರೂ ಬಂದು ಹೀಗೊಂದು ದಾರಿ ಇದೆ ಅಂದರೆ ಬೇಡ ಅನ್ನೋ ತಾಯಿ-ತಂದೆ ಎಷ್ಟು ಜನ ಸಿಗ್ತಾರೆ ಅಂತ ಯೋಚನೆ ಮಾಡಿದೆ. ಉತ್ತರ ಬರೆಯಲ್ಲ ಇಲ್ಲಿ.

ಅವಳ ಹಾಗೇ ಯಂತ್ರದ ಮೈ ಸೇರಿದ ಇನ್ನೊಂದು ಮಗು ಸ್ಲೈಟ್ಲಿಯ ಪಾತ್ರಕ್ಕೂ ನೀನು ಬೈದೆ. ಮಾಡಿದ್ದು ನಮ್ಮ ಆದರ್ಶ್ ಗೌರವ್, ‘ದಿ ವೈಟ್ ಟೈಗರ್’ನ ಹುಡುಗ. ಸ್ಲೈಟ್ಲಿ ಪೆದ್ದ ಅಂತ ಟೀ ರೂಮಿನಲ್ಲೂ ಹೇಳಿದರು. ಪೆದ್ದ ಹೇಗಾಗ್ತಾನೆ? ಮೈ ಮಾತ್ರ ದೊಡ್ಡದು, ಒಳಗಿರೋದು ಮಗು. ಮಾರೊ ಅನ್ನೋ ಮನುಷ್ಯ ನಿನ್ನ ಅಮ್ಮನನ್ನು ಬಿಡಲ್ಲ ಅಂತ ಹೆದರಿಸ್ತಾನೆ. ಯಾರಿಗೂ ಹೇಳಬೇಡ ಅಂತ ದೊಡ್ಡವರು ಹೆದರಿಸಿದ ಮಗು ಯಾರಿಗೂ ಹೇಳಲ್ಲ. ಅದನ್ನು ಸ್ಕ್ರಿಪ್ಟಿನ ತಪ್ಪು ಅನ್ನೋರು ಹೆದರಿದ ಮಗುವನ್ನು ನೋಡಿಲ್ಲ. ದೊಡ್ಡ ನಟರು ಮಕ್ಕಳ ಹಾಗೆ ಆಡೋದು ಅಲ್ಲಲ್ಲಿ ಕಿರಿಕಿರಿ ಆಗುತ್ತೆ, ಒಪ್ಪಿದೆ. ಇವನದ್ದು ಆಗಲಿಲ್ಲ.

ಆ ಪ್ರಾಣಿಗಳನ್ನು ಭೂಮಿಗೆ ತಂದ ಮ್ಯಾಜಿನೊ ಹಡಗಿನ ಕಥೆ ಹೇಳೋ ಐದನೇ ಎಪಿಸೋಡ್ ನಿನಗೆ ಹಿಡಿಸಿಯೇ ಇರಬೇಕು, ಹಳೇ ಅಭಿಮಾನಿಗಳೆಲ್ಲ ಅದಕ್ಕೆ ಕೈ ಮುಗಿದಿದ್ದಾರೆ. ಉಳಿದದ್ದನ್ನು ಇನ್ನೊಂದು ಸಲ ನೋಡು, ಕರೆಂಟು ಹೋಗದ ದಿನ. ಆಮೇಲೆ ಜಗಳ ಮುಂದುವರಿಸೋಣ. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ

ತಾ.ಕ.: ಅತ್ತಿಗೆಗೆ ಐದನೇದು ತೋರಿಸೋದಾದರೆ ಊಟದ ಹೊತ್ತಿಗೆ ಬೇಡ. ನೀರಿನ ಬಾಟಲಿ ದೃಶ್ಯ ನೆನಪಿದೆಯಲ್ಲ?